ಆನೆ ಬೇಲಿ ಮತ್ತು ನನ್ನ ಸೌಂಡ್ ಕಾರ್ಡ್

ಅಂದು ಬೆಳಿಗ್ಗೆ ಎದ್ದವಳು ಕೋಳಿಗೂಡು ತೆಗೆದು, ಕಾಫಿ ಸೋಸಿಟ್ಟು, ಅಕ್ಕಿ ರೊಟ್ಟಿ ಬೇಯಿಸಿದೆ. ತಿನ್ನುತ್ತಾ ಇವರು ಗೋಡೆಯ ಗಡಿಯಾರ ನೋಡಿದರು.

“ಇದು ಯಾವಾಗ ನಿಂತದ್ದು? ಕಾಫಿ ಹಣ್ಣು ಪಿಕ್ಕಿಂಗಿನವ್ರು ಬಂದು ಕಾಯ್ತಿರ್ತಾರೆ.”

“ಸೆಲ್ ನಾನೇ ತೆಗೆದದ್ದು. ಕಾರ್ಡಿನಲ್ಲಿ ಟಿಕ್ ಟಿಕ್ ಅಂತ ಕೇಳ್ತಿತ್ತಲ್ಲ, ಅದಕ್ಕೆ.”

“ಇನ್ನು ಕೋಳಿ ಬಾಯಿಗೂ ಬಟ್ಟೆ ಕಟ್ಟು,” ಎಂದು ಟೋಪಿ ಹಾಕಿಕೊಂಡು ತೋಟಕ್ಕೆ ಹೊರಟರು.

ಕಾರ್ಡ್ ಎಂದರೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ, ಅಂಗೈಯಗಲದ ಹಸಿರು ಹಲಗೆ. ಮದುವೆಗೆ ಮೊದಲು ಕಲಿತ ಎಲೆಕ್ಟ್ರಾನಿಕ್ಸನ್ನು ಊಟದ ಮೇಜಿನ ಮೇಲೆ ಮತ್ತೆ ಹರಡಿಕೊಂಡು ಅದರ ನಕ್ಷೆಯನ್ನು ನಾನೇ ಬರೆದಿದ್ದೆ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಲಿ, ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿದ್ದೆ. ಬಯಲುಸೀಮೆಯ ಒಬ್ಬ ಟೀಚರ್, ತಮ್ಮ ಶಾಲೆಯ ಮಕ್ಕಳ ಕತೆಗಳನ್ನು ರೆಕಾರ್ಡ್ ಮಾಡಲು ಅದನ್ನೇ ಮಾಡಿಸುವವರಿದ್ದರು. ‘ನೀವು ಸರಿಯಿದೆ ಅಂದ ಮೇಲೆ ಆರ್ಡರ್ ಕೊಡುತ್ತೇನೆ’ ಎಂದು ಬರೆದಿದ್ದರು. ಹಾಗನ್ನಲು ನನಗೆ ಇನ್ನೂ ಬಾಯಿ ಬಂದಿರಲಿಲ್ಲ.

ಕಾನ್ವೆಂಟಿನಲ್ಲಿ ಹಾಡು ಕಲಿಸುತ್ತಿದ್ದ ಸಿಸ್ಟರ್, ಪಿಯಾನೊ ಮುಟ್ಟುವ ಮೊದಲು ನಮ್ಮನ್ನೆಲ್ಲ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸುತ್ತಿದ್ದರು. ಕಾರ್ಡನ್ನು ನಾನು ಪರೀಕ್ಷಿಸುವುದೂ ಹಾಗೆಯೇ. ಏನೂ ಮಾತಾಡದೆ ರೆಕಾರ್ಡ್ ಮಾಡುತ್ತಾ ಹೆಡ್‌ಫೋನಿನಲ್ಲಿ ಆ ಮೌನವನ್ನು ಕೇಳುತ್ತೇನೆ. ಅಂದು ಗಡಿಯಾರ ನಿಂತಿದ್ದರೂ ಟಿಕ್ ಇತ್ತು. ಕೇಳುತ್ತಿದ್ದಂತೆ ತಟ್ಟನೆ ನಿಂತಿತು. ನಾನೇನೂ ಮುಟ್ಟಿರಲಿಲ್ಲ. ಕಿಟಕಿಯಲ್ಲಿ ನೋಡಿದರೆ, ಪಕ್ಕದ ತೋಟದವರು ಆನೆ ಬೇಲಿಯ ಕರೆಂಟು ತೆಗೆದು ತಂತಿಗೆ ಹಬ್ಬಿದ ಬಳ್ಳಿ ಕಡಿಯುತ್ತಿದ್ದರು. ಅವರು ಸ್ವಿಚ್ ಹಾಕಿದೊಡನೆ ಟಿಕ್ ಮರಳಿತು. ಆನೆಯನ್ನು ಹೆದರಿಸಲು ಬೇಲಿ ಬಿಟ್ಟು ಬಿಟ್ಟು ಕೊಡುವ ಪೆಟ್ಟು ನನ್ನ ಮೈಕಿನ ವಯರಿಗೂ ತಾಗುತ್ತಿತ್ತು.

ಬೇಲಿ ಆಫ್ ಮಾಡಿಸಿ, ಒಂದು ಚಂದದ ರೆಕಾರ್ಡಿಂಗ್ ಕಳಿಸಿಬಿಡೋಣ ಎಂದು ಒಮ್ಮೆ ಅನಿಸಿತು. ಆದರೆ ಆ ಶಾಲೆಯ ಪಕ್ಕದಲ್ಲೂ ಯಾವುದೋ ಪಂಪು, ಮೋಟಾರು ಇರುತ್ತದಲ್ಲ. ನಕ್ಷೆ ತೆರೆದೆ. ಮೈಕ್ ಸಿಕ್ಕಿಸುವಲ್ಲಿನ ಅರ್ತ್ ಗೆರೆ ಹಲಗೆಯನ್ನೆಲ್ಲ ಸುತ್ತಿ ಹೋಗುತ್ತಿತ್ತು. ನೋಡಲು ಅಂದವೆಂದು ನಾನೇ ಹಾಗೆ ಸುತ್ತಿಸಿದ್ದೆ. ವಯರಿಗೆ ತಾಗಿದ ಪೆಟ್ಟು ಆ ಉದ್ದದ ಗೆರೆಯಲ್ಲಿ ಹರಿದು ದನಿಗೆ ಬೆರೆಯುತ್ತಿತ್ತು. ಹಲಗೆಯ ಮೇಲೆ ಅದನ್ನು ಕತ್ತರಿಸಿ, ಮೈಕ್ ಸಿಕ್ಕಿಸುವಲ್ಲಿಂದ ನೇರ ಕಾರ್ಡ್ ಕೂರಿಸಿದ ಲೋಹದ ಪೆಟ್ಟಿಗೆಗೆ ಒಂದು ಮೋಟು ವಯರು ಬೆಸೆದೆ.

ಸಂಜೆ ಹೆಡ್‌ಫೋನ್ ಹಾಕಿದರೆ ಟಿಕ್ ಇಲ್ಲ. ಹಿಗ್ಗುವ ಮೊದಲು ಕಿಟಕಿ ನೋಡಿದೆ. ಪಕ್ಕದ ತೋಟದವರು ಇನ್ನೊಂದು ಬದಿಯ ಬಳ್ಳಿಗೆಂದು ಮತ್ತೆ ಬೇಲಿ ಆಫ್ ಮಾಡಿದ್ದರು.

ಓಡಿದೆ. “ಅಣ್ಣ, ಒಂದು ಗಳಿಗೆ ಬೇಲಿ ಆನ್ ಮಾಡ್ತೀರಾ?”

“ಎಂತಕ್ಕೆ? ಆನೆ ಬಂತಾ?”

“ಇಲ್ಲ, ನನ್ನ ಕಾರ್ಡಿಗೆ.”

ಅವರು ಕತ್ತಿ ಕೆಳಗಿಟ್ಟು ಸ್ವಿಚ್ ಹಾಕಿದರು. ಒಳಗೆ ಬಂದು ಉಸಿರು ಹಿಡಿದು ಕೇಳಿದೆ. ಬಚ್ಚಲ ನಲ್ಲಿಯ ಹನಿ, ದೂರದಲ್ಲಿ ಏರು ಹತ್ತುವ ಜೀಪು. ಅಷ್ಟೇ. ತಿದ್ದಿದ ನಕ್ಷೆಯನ್ನು ಇಂಟರ್ನೆಟ್ಟಿಗೆ ಹಾಕಿ, ‘ಸರಿಯಿದೆ’ ಎಂದು ಟೀಚರಿಗೆ ಬರೆದೆ. ಗಡಿಯಾರಕ್ಕೆ ಸೆಲ್ ಹಾಕಿ ಅಂಗಳಕ್ಕೆ ಬಂದಾಗ ಪಕ್ಕದ ತೋಟದವರು ಇನ್ನೂ ಬೇಲಿಯ ಸ್ವಿಚ್ಚಿನ ಹತ್ತಿರವೇ ನಿಂತಿದ್ದರು.

“ಆಯ್ತು ಅಣ್ಣ, ತೆಗೀಬಹುದು.”

“ಇಷ್ಟು ದಿನ ಬೇಲಿ ಆಫ್ ಮಾಡಿ ಅಂತ ಬರೋರೇ ಎಲ್ಲ,” ಎಂದು ಕತ್ತಿ ಎತ್ತಿಕೊಂಡರು. “ಆನ್ ಮಾಡಿ ಅಂತ ಬಂದದ್ದು ನೀವೊಬ್ರೇ, ಅಕ್ಕ.”