ಅಮೋಗಿ ಮಾಮಾನ ಪಟಗಾ

ನಂಬಲಿಕ್ಕೇ ಆಗುತ್ತಿಲ್ಲ...
ಅಮೋಗಿ ಮಾಮಾ ಹೋಗಿಬಿಟ್ಟರು.

ಮುಂಜಾನೆ ಭಂಡಾರಕವಠೆಯಿಂದ ಅವರ ಮಗ ಸಿದ್ಧು ಫೋನ್ ಮಾಡಿದ.
"ಅಪ್ಪ ಹೋದ್ರಿ ಮಾಸ್ತರ... ಚಾ ಕುಡದು ಗ್ವಾಡಿಗಿ ಆನಕೊಂಡು ಕುಂತಿದ್ದ. ಹಂಗ..."

ಇಷ್ಟು ಹಗುರಾಗಿಯಾ?
ಹೋದ ತಿಂಗಳು ಅವರನ್ನು ಸೊಲ್ಲಾಪುರದ ಆಸ್ಪತ್ರೆಯಲ್ಲಿ ನೋಡಿದವನು ನಾನು. ಅದಕ್ಕೇ ಕೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ...
ಬೇಸಿಗೆ ಬಂದರೆ ಅಕ್ಕಲಕೋಟೆಯ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದ ಕುರಿಗಾಹಿ. ನನಗಿಂತ ಹಿರಿಯರು, ಆದರೂ ದೋಸ್ತ.
ಕ್ಯಾನ್ಸರ್... ಇನ್ನು ಗುಣವಾಗುವುದಿಲ್ಲ ಎಂದು ಹೇಳಿಯಾಗಿತ್ತು.

ವಾರ್ಡಿನಲ್ಲಿ ಸ್ವಚ್ಛತೆಗೆಂದು ಅವರ ತಲೆಯ ರುಮಾಲು, ಆ ಪಟಗಾ, ಬಿಚ್ಚಿ ಚೀಲಕ್ಕೆ ಹಾಕಿದ್ದರು.
ಅವತ್ತಿನಿಂದ ಮಾಮಾನದು ಒಂದೇ ಪ್ರಶ್ನೆ.
"ಯಾರು ಸತ್ತಾರ?"
ವಾರ್ಡಿನವರು ಭ್ರಮೆ ಅಂದರು. ಎದ್ದು ಊರಿಗೆ ಹೊರಟರೆಂದು ಕೈಗಳನ್ನು ಮಂಚಕ್ಕೆ ಕಟ್ಟಿದರು.

ನನಗೆ ಸಿಟ್ಟು ನೆತ್ತಿಗೇರಿತು.
ನಮ್ಮ ಕಡೆ ಹಿರಿಯ ಗಂಡಸು ನಾಲ್ಕು ಜನರ ಮುಂದೆ ಬರಿದಲೆಯಲ್ಲಿ ಕೂಡುವುದು ಮನೆಯಲ್ಲಿ ಸಾವಾದಾಗ.
ಕಣ್ಣು ಬಿಟ್ಟರೆ ತಲೆ ಬರಿದು... ಸುತ್ತ ಬೀಗರು-ನೆಂಟರು ಮುಖ ಸಪ್ಪಗೆ ಮಾಡಿ ನಿಂತಿದ್ದಾರೆ...
ಆ ಮನುಷ್ಯ ಮತ್ತೇನು ಕೇಳಬೇಕು?

ನೋವು ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್‌ನ ಡಾಕ್ಟರ್ ಮೇಡಂಗೆ ಇದನ್ನೇ ಹೇಳಿದೆ. ಪುಣ್ಯಾತ್ಗಿತ್ತಿ, ಪೂರ್ತಿ ಕೇಳಿದರು. ತಾವೇ ಕೈಯ ಕಟ್ಟು ಬಿಚ್ಚಿದರು. ಯಾರೂ ಸತ್ತಿಲ್ಲ ಮಾಮಾ, ತಪ್ಪು ನಮ್ಮದು ಎಂದು ಮರಾಠಿಯಲ್ಲಿ ಹೇಳಿದರು.

ಸಿದ್ಧು ಪಟಗಾ ಸುತ್ತಿದ.
ಮಾಮಾ ಕೈಯಾಡಿಸಿ ನೋಡಿಕೊಂಡರು. ಆಮೇಲೆ...
"ಡಾಕ್ಟರಬಾಯಿ, ಸಾಯಾಂವ ನಾನೇ ಅಂತ ನಂಗ ತಿಳದದ. ಮೂಗಿಗಿ ನಳಿಗಿಳಿ ಬ್ಯಾಡ್ರಿ. ಬ್ಯಾನಿ ಅಷ್ಟು ಕಡಿಮಿ ಮಾಡಿ ಮನಿಗಿ ಕಳಸ್ರಿ."


ನೋವಿನ ಔಷಧ ಕೊಟ್ಟು ಮನೆಗೆ ಕಳಿಸಿದರು. ಮೇಡಂ ಊರಿಗೇ ಬಂದು ನೋಡುತ್ತಿದ್ದರು.

ಮಾಮಾ...
ಅಳು ಬರುತ್ತಿದೆ. ಆದರೂ ನಿಜ ಹೇಳಲಾ? ಎದೆ ಹಗುರಾಗಿದೆ.
ನೀವು ಹೋದದ್ದು ನಿಮ್ಮ ಪಡಸಾಲೆಯಲ್ಲಿ... ಬೀರಪ್ಪ ದೇವರ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು... ನೋವಿಲ್ಲದೆ.
ಮೊನ್ನೆ ನಾನು ಬಂದಾಗ ಕೂಡ ನನ್ನ ಕಾಲೆಳೆದಿರಿ. "ಮಾಸ್ತರ, ಅದೇನು ಟೊಪ್ಪಗಿ ಹಾಕ್ತೀಯೋ, ಅರ್ಧಾ ತಲಿ ಹೊರಗೇ ಅದ."

ಈಗ ಎಸ್‌ಟಿ ಬಸ್ಸಿನಲ್ಲಿದ್ದೇನೆ, ನಿಮ್ಮೂರಿಗೇ ಹೊರಟಿದ್ದೇನೆ.
ಆ ಟೊಪ್ಪಿಗೆ ತೆಗೆದು ಬ್ಯಾಗಿಗೆ ಹಾಕಿದ್ದೇನೆ. ಸಿದ್ಧುವೂ ತಲೆ ಬರಿದು ಮಾಡಿ ಕೂತಿರುತ್ತಾನೆ.
ಇವತ್ತು ಅದು ನಮ್ಮ ಪಾಳಿ.
ನೀವು ಪಟಗಾ ಸುತ್ತಿಕೊಂಡೇ ಹೋಗಿಬನ್ನಿ ಮಾಮಾ...
ನಿಮ್ಮ ಜೀವ ತಣ್ಣಗಿರಲಿ. 🙏