ಕಳ್ಳಂಬೆಳ್ಳ ಕ್ಷೇತ್ರದ ಮತದಾರ ಬಂಧುಗಳೇ

ಮೈಕ್ ಕೈಗೆ ಬಂದರೆ ಸಾಕು, ಊರೆಲ್ಲ ಮೈಕ್ ಮಾವ ಎನ್ನುತ್ತಿದ್ದವರ ಗಂಟಲುಮಣಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಎಡಗೈ ತಾನಾಗಿ ಹೋಗಿ ಕಿವಿ ಮುಚ್ಚುತ್ತಿತ್ತು. ಆ ಒಣಕಲು ಎದೆಯಿಂದ ಅಂಥ ದನಿ ಹೇಗೆ ಹೊರಡುತ್ತಿತ್ತೋ, ಪಕ್ಕದ ಮನೆಯವಳಾದ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಚುನಾವಣೆ ಬಂತೆಂದರೆ ಆಟೋ ನೆತ್ತಿಗೆ ಧ್ವನಿವರ್ಧಕ ಕಟ್ಟಿಸಿಕೊಂಡು ಪ್ರಚಾರಕ್ಕೆ ಹೊರಡುವರು. ಪಾವಗಡದವರು ಕರೆದರೆ ಅರ್ಧ ತೆಲುಗು, ಶಿರಾ ಪೇಟೆಯಲ್ಲಿ ನಡುನಡುವೆ ಉರ್ದು. ಬೆಳಿಗ್ಗೆ ಒಂದು ಪಕ್ಷ, ಸಂಜೆ ಅದರ ಎದುರಾಳಿ; ಯಾರೂ ಬೇಜಾರು ಮಾಡಿಕೊಂಡವರಲ್ಲ. "ಬಾಯಿ ಬಾಡಿಗೇದು ಕಣಮ್ಮ, ಓಟು ಮಾತ್ರ ನಂದು" ಅನ್ನುವರು. ನಮ್ಮ ಕಡೆ ಯಾರ ಪರವಾಗಿ ಕೂಗಿದರೂ ಶುರುವಾಗುತ್ತಿದ್ದದ್ದು ಒಂದೇ ಥರ: "ಕಳ್ಳಂಬೆಳ್ಳ ಕ್ಷೇತ್ರದ ಮತದಾರ ಬಂಧುಗಳೇ." ಕೊನೆಯ 'ಗಳೇ'ಯನ್ನು ಅವರು ಎಳೆಯುವ ಎಳೆತಕ್ಕೆ ಬೀದಿಯ ನಾಯಿಗಳೂ ದನಿಗೂಡಿಸುತ್ತಿದ್ದವು.

ಆಮೇಲೆ ಕ್ಷೇತ್ರಗಳ ಪುನರ್ವಿಂಗಡಣೆಯಾಯಿತು. ಕಳ್ಳಂಬೆಳ್ಳ ಊರು ಇದ್ದಲ್ಲೇ ಇತ್ತು, ಕ್ಷೇತ್ರ ಮಾಯವಾಯಿತು. ನಮ್ಮೂರು ಶಿರಾಕ್ಕೆ ಸೇರಿತು. ನಮ್ಮನ್ನು ಯಾರೂ ಕೇಳಲಿಲ್ಲ. ಮುಂದಿನ ಚುನಾವಣೆಯಲ್ಲಿ, ಅಭ್ಯರ್ಥಿ ಪಕ್ಕದಲ್ಲೇ ಕೈಮುಗಿದು ನಿಂತಿರುವಾಗ, ಮಾವ ಶಿರಾ ಪೇಟೆಯ ನಡುವೆ "ಕಳ್ಳಂಬೆಳ್ಳ ಕ್ಷೇತ್ರದ" ಅಂದುಬಿಟ್ಟರು. ತಿದ್ದಿಕೊಳ್ಳಲು ಹೋಗಿ ಮತ್ತೆ ಅದನ್ನೇ ಅಂದರು. ಜನ ಬಿದ್ದುಬಿದ್ದು ನಕ್ಕರು, ಅಭ್ಯರ್ಥಿ ಮೈಕ್ ಕಿತ್ತುಕೊಂಡರು. ಅಂದಿನಿಂದ ಮಾವ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ನಿಂತು "ಶಿರಾ ಕ್ಷೇತ್ರದ" ಎಂದು ಅಭ್ಯಾಸ ಮಾಡುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು. ಎಮ್ಮೆಯ ಮುಂದೆ ಸರಿಯಾಗಿಯೇ ಬರುತ್ತಿತ್ತು. "ಏನ್ ಮಾಡ್ಲಮ್ಮ, ಮೈಕ್ ಹಿಡುದ್ರೆ ನಾಲಿಗೆ ಹಳೇ ದಾರಿಗೇ ಓಯ್ತದೆ" ಎಂದು ನನ್ನ ಮುಂದೆ ಪೆಚ್ಚಾಗಿ ನಕ್ಕಿದ್ದರು. ಪ್ರಚಾರಕ್ಕೆ ಕರೆಯುವುದು ಕಡಿಮೆಯಾಗುತ್ತ ಬಂದು ನಿಂತೇಹೋಯಿತು.

ಹೋದ ಚುನಾವಣೆಗೆ ಸ್ವಲ್ಪ ಮುಂಚೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಆ ಒಂದೇ ಸಾಲು, ತೊದಲಿಲ್ಲದೆ, ಹಳೆಯ ಎಳೆತದ ಸಮೇತ. ನೀರು ಬೇಕಾದರೂ ಅದೇ, ಬೆನ್ನು ನೊಂದರೂ ಅದೇ. ಹೀಗೂ ಆಗುವುದುಂಟು ಎಂದು ಡಾಕ್ಟರು ಕೈಚೆಲ್ಲಿದರು. ಮಾವನ ಹೆಂಡತಿ, ನಾನು ಅತ್ತೆ ಎನ್ನುವವರು, ಮೊದಲು ಕಣ್ಣೀರು ಹಾಕಿದರು. ಆಮೇಲೆ ಎಳೆತ ಕೇಳಿಯೇ ನೀರೋ ನೋವೋ ತಿಳಿಯುವುದನ್ನು ಕಲಿತರು. ನನಗೆ ಅದು ಒಲಿಯಲಿಲ್ಲ.

ಓಟು ಕೇಳಲು ಬಂದ ಅಭ್ಯರ್ಥಿಯೊಬ್ಬರು ಮಂಚದ ಬಳಿ ಬಗ್ಗಿ, ಏನಾಗಬೇಕು ಹೇಳಿ ಯಜಮಾನ್ರೇ ಅಂದರು. ಮಾವ ಕತ್ತೆತ್ತಿ ಹೇಳಿದರು. ಹಿಂದಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಅಭ್ಯರ್ಥಿ ನಗುತ್ತ ಅವರ ಹೆಗಲು ತಟ್ಟಿ ಮುಂದಿನ ಮನೆಗೆ ಹೋದರು. ಮಾವ ಬಾಗಿಲ ಕಡೆ ನೋಡುತ್ತ ಇನ್ನೂ ಹೇಳುತ್ತಲೇ ಇದ್ದರು, ಒಂದೊಂದು ಸಲ ಒಂದೊಂದು ಥರ.

ಅವರು ತೀರಿಕೊಂಡ ಬೆಳಿಗ್ಗೆ ಅತ್ತೆ ಡೇರಿಗೆ ಹಾಲು ಹಾಕಲು ಹೋಗಿದ್ದರು, ನಾನು ಮಂಚದ ಪಕ್ಕ ಕೂತಿದ್ದೆ. ಮಾವ ನನ್ನ ಮಣಿಕಟ್ಟು ಹಿಡಿದು, ಎಳೆತವೇ ಇಲ್ಲದೆ, ತೀರಾ ಮೆಲ್ಲಗೆ ಆ ಸಾಲು ಹೇಳಿದರು. ನೀರು ಕೊಟ್ಟೆ, ಬೇಡವೆಂದು ತಲೆಯಾಡಿಸಿದರು. ಬೆನ್ನು ಒತ್ತಿದೆ, ಅದೂ ಅಲ್ಲ. ಕಿಟಕಿ ತೆಗೆದೆ. ಮತ್ತೆ ಹೇಳಿದರು. "ಗೊತ್ತಾಗ್ತಿಲ್ಲ ಮಾವ" ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕಣ್ಣು ಮುಚ್ಚಿದರು.

ಮಣ್ಣು ಮಾಡಿ ಬಂದ ಮೇಲೆ, ಕೊನೆಗೆ ಏನಂದರು ಎಂದು ಅತ್ತೆ ಕೇಳಿದರು. ಆ ಸಾಲನ್ನೇ ಹೇಳಿದೆ. ಅತ್ತೆ ಕಣ್ಣೊರೆಸಿಕೊಂಡು, "ಅದ್ ಗೊತ್ತು ಕಣಮ್ಮ, ಹೆಂಗಂದ್ರು ಅಂತ ಹೇಳು" ಅಂದರು. ಮಾವನ ಹಾಗೇ ಹೇಳಲು ನೋಡಿದೆ, ಬರಲಿಲ್ಲ. ಅತ್ತೆ ಈಗಲೂ ಆಗಾಗ ಬಂದು ನಮ್ಮ ಜಗಲಿಯ ಮೇಲೆ ಕೂತು, ಇನ್ನೊಂದು ಸಲ ಹೇಳು ಅನ್ನುತ್ತಾರೆ.