ತಡೆಯಕ್ಕ
ಆನ್‌ಲೈನ್ ಆಟ ತಯಾರಿಸುವ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ತಡೆಯಕ್ಕ ಎಂದೇ. ಇನ್ನೇನು ಬಿಡುಗಡೆ ಮಾಡೋಣ ಎಂದು ಮಿಕ್ಕವರು ಕುಣಿಯುವಾಗ, “ತಡೀರಪ್ಪಾ, ಆಡೋರು ಏನಂತಾರೆ ನೋಡೋಣ” ಎಂದು ಅಡ್ಡ ನಿಲ್ಲುವುದೇ ಅವಳ ಕೆಲಸ. ಬಣ್ಣ ಗುರುತು ಸಿಗದವರು, ಕೈ ನಡುಗುವವರು, ಮೌಸ್ ಹಿಡಿದೇ ಗೊತ್ತಿಲ್ಲದ ಅತ್ತೆಯಂದಿರು, ಹೀಗೆ ಸಿಕ್ಕಸಿಕ್ಕವರನ್ನೆಲ್ಲ ಕರೆತಂದು ಆಡಿಸುತ್ತಾಳೆ; ಯಾರಾದರೂ ತಡವರಿಸಿದರೆ, “ತಪ್ಪು ನಿಮ್ದಲ್ಲ, ನಮ್ದು” ಎನ್ನುತ್ತಾಳೆ. ಒಮ್ಮೆ ಕಿವಿ ಕೇಳದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ಹಿಂದಿನಿಂದ ಬರುವ ಶತ್ರುವಿನ ಹೆಜ್ಜೆ ಸದ್ದು ಕೇಳಿಸದೆ ಸೋತೂ ಸೋತೂ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದರು. ಕಂಪನಿಯ ಯಜಮಾನರು ಎಷ್ಟು ಕೂಗಾಡಿದರೂ ಜಗ್ಗದೆ ಅವಳು ಬಿಡುಗಡೆ ನಿಲ್ಲಿಸಿದಳು. ಸದ್ದು ಬಂದ ದಿಕ್ಕಿಗೆ ಪರದೆಯ ಅಂಚು ಮಿನುಗುವಂತೆ ಮಾಡಿಸಿ, ಪೋಸ್ಟ್‌ಮ್ಯಾನರ ಮನೆಗೇ ಹೋಗಿ ಅವರನ್ನು ಕರೆತಂದಳು. ಈ ಸಲ ಗೆದ್ದ ಅವರಿಗೆ, ಎಲ್ಲೋ ಕೂತು ಪರೀಕ್ಷೆಗೆಂದು ಎದುರಾಳಿಯಾಗಿ ಆಡುತ್ತಿದ್ದ ಅಪರಿಚಿತನೊಬ್ಬ ಪರದೆಯಲ್ಲೇ ಬರೆದ: “ಏನ್ ಚುರುಕು ಕಿವಿ ಗುರೂ ನಿಂದು!” ಅದನ್ನೋದಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ಕಣ್ಣೊರೆಸಿಕೊಳ್ಳುತ್ತಾ.